ಅಮ್ಮನ ಎಡಗೈಗೆ ಸಿಗುವ ಬಾಗಿಲು

ಅಪ್ಪಾ,

ನೀವು ಹೋದ ಮೇಲೆ ಅಡುಗೆಮನೆಗೆ ಕೈ ಹಾಕಿದ್ದು ಇದೇ ಮೊದಲು. ಮೇಲಿನ ಕಪಾಟುಗಳಿಗೆ ಗಾಜಿನ ಬಾಗಿಲು, ಕೆಳಗಿನವಕ್ಕೆ ಮಿರುಗುವ ಲ್ಯಾಮಿನೇಟು. ನೀವು ಕೈಯಾರೆ ಮಾಡಿದ ಬಾಗಿಲುಗಳಲ್ಲಿ ಸಿಂಕಿನ ಕೆಳಗಿನದೊಂದನ್ನು ಮಾತ್ರ ಅಂದಕ್ಕೆಂದು ಉಳಿಸಿಕೊಂಡೆ. ಹೀಗೆ ಬೆರೆಸುವುದೇ ಈಗಿನ ಫ್ಯಾಷನ್ನಂತೆ.

ಹಳೆಯದನ್ನು ಬಿಚ್ಚುವಾಗ ಬಡಗಿ ನಕ್ಕ. "ಯಾರ್ರೀ ಈ ಮಹಾನುಭಾವ? ಎಲ್ಲಾ ಬಾಗಿಲಿಗೂ ಹಿಡಿ ಉಲ್ಟಾ ಕಡೆ ಇಟ್ಟಿದಾನೆ."

"ಯಾರೋ, ಗೊತ್ತಿಲ್ಲ," ಎಂದು ನಾನೂ ನಕ್ಕುಬಿಟ್ಟೆ.

ಇವತ್ತು ಮಧ್ಯಾಹ್ನ ಅಮ್ಮ ಲೋಟಕ್ಕೆಂದು ಹೋದಳು. ಅವಳ ಎಡಗೈ ಹೊಸ ಬಾಗಿಲುಗಳಲ್ಲಿ ಹಿಡಿಯಿಲ್ಲದ ಕಡೆಯನ್ನೇ ತಡವುತ್ತಿತ್ತು. ನನಗೆ ಆಗ ಹೊಳೆಯಿತು.

ಸಂಜೆ ನೋಡಿದರೆ ಲೋಟಗಳನ್ನೆಲ್ಲ ಸಿಂಕಿನ ಕೆಳಗೆ, ಫಿನಾಯಿಲ್ ಪಕ್ಕದಲ್ಲಿ ಜೋಡಿಸಿಟ್ಟಿದ್ದಾಳೆ.

"ಇದೊಂದೇ ನನ್ನ ಕೈಗೆ ಒಗ್ಗೋದು, ಬಿಡು," ಅಂದಳು.