ಬಾಗಿಲಿಗೆ ಅಡ್ಡ ಇಟ್ಟ ಕೈ

ಗೋಕುಲ್ ಸರ್ ಅವರಿಗೆ,

ನಮ್ಮ ಲಿಫ್ಟ್ ನಡೆಸುವ ಸಾಫ್ಟ್‌ವೇರಿನ ಮುಖ್ಯ ಕೋಡ್ ಒಳಗೆ ಬಾಗಿಲಿನ ಕೋಡ್ ತನ್ನದೇ ಆವೃತ್ತಿಗಳಿರುವ ಬೇರೆ ಭಾಗವಾಗಿ ಕೂತಿದೆ. ಹೊಸದು ಬಂದರೂ ತಾನಾಗಿ ಬದಲಾಗದಂತೆ ಅದನ್ನು ನಾವು ಪರೀಕ್ಷೆಯಾದ ಹಳೆಯ ಆವೃತ್ತಿಗೇ ಕಟ್ಟಿಹಾಕಿದ್ದೇವೆ. "ಎಲ್ಲಾ ಒಂದೇ ಸಲ ಲೇಟೆಸ್ಟ್‌ಗೆ ತಗೊಂಬಿಡಮ್ಮ, ಏನೂ ಆಗಲ್ಲ" ಎಂದಿರಿ. ನಾನು ತೆಗೆದುಕೊಳ್ಳುವುದಿಲ್ಲ.

ಬಾಗಿಲಿನ ಕೋಡ್ ಬದಲಿಸಿದವರು ಯಶವಂತಪುರದ ಶೆಡ್ಡಿಗೆ ಹೋಗಿ, ಟೆಸ್ಟ್ ಲಿಫ್ಟಿನ ಬಾಗಿಲು ಮುಚ್ಚುವಾಗ ತಮ್ಮ ಕೈಯನ್ನೇ ಅಡ್ಡ ಇಡಬೇಕು. ಈ ಪದ್ಧತಿ ತಂದವರು ನೀವೇ. ನಿನ್ನೆ ಅಲ್ಲಿ ಬಾಗಿಲಿನ ಕೋಡಿನ ಹೊಸ ಆವೃತ್ತಿ ಹಾಕಿದ ನೀವು ಕೈಯ ಬದಲು ಮಡಿಸಿದ ಕೊಡೆ ಇಟ್ಟಿರಿ. ಬಾಗಿಲು ಹಿಂದೆ ಸರಿಯಲಿಲ್ಲ, ಕೊಡೆ ಮುರಿಯಿತು. "ಸೆನ್ಸರ್ ಮೇಲೆ ಧೂಳು ಕಣಮ್ಮ" ಎಂದು ನಕ್ಕು ಹೊರಟಿರಿ. ನೀವು ಹೋದ ಮೇಲೆ ನಾನು ಹಳೆಯ ಆವೃತ್ತಿ ಹಾಕಿ, ಅದೇ ಧೂಳಿನಲ್ಲಿ ನನ್ನ ಕೈ ಇಟ್ಟೆ. ಬಾಗಿಲು ತಟ್ಟನೆ ತೆರೆಯಿತು.

ಸಂಜಯನಗರದ ನರ್ಸಿಂಗ್ ಹೋಮಿಗೆ ಸೋಮವಾರ ಅಪ್‌ಡೇಟ್ ಹೋಗಲಿ. ಅದಕ್ಕೆ ಉಳಿದ ಭಾಗಗಳ ಹೊಸ ಆವೃತ್ತಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಸೇರಿಸುತ್ತೇನೆ. ಬಾಗಿಲಿನ ಕೋಡ್ ಮಾತ್ರ ಈಗಿರುವಲ್ಲೇ ಇರುತ್ತದೆ. ಅಲ್ಲಿ ಸ್ಟ್ರೆಚರ್‌ನಿಂದ ಹೊರಗೆ ಜೋತುಬಿದ್ದ ರೋಗಿಗಳ ಕೈಗಳು ಆ ಬಾಗಿಲು ದಾಟುತ್ತವೆ.

ಈ ಕೆಲಸದಿಂದ ನನ್ನನ್ನು ತೆಗೆಯುವುದಾದರೆ ತೆಗೆಯಿರಿ. ಹೊಸ ಆವೃತ್ತಿಯೇ ಬೇಕೆಂದರೆ ನಾಳೆ ಶೆಡ್ಡಿಗೆ ಬನ್ನಿ. ಬರುವಾಗ ಕೊಡೆ ತರಬೇಡಿ.

ಎರಡೂ ಕೈ ನೆಟ್ಟಗಿರುವ,
ಗಜಾಲಾ