ಹೇಳವ ಬಿಟ್ಟ ಹೆಸರು

ನಿಪ್ಪಾಣಿ
೨೬-೨-೧೯೮೯

ಚಿರಂಜೀವಿ ವಿರುಪಾಕ್ಷಪ್ಪನಿಗೆ ನಿನ್ನ ಅಕ್ಕ ಗಿರಿಜವ್ವನ ಆಶೀರ್ವಾದ.

ನಾನು ನೆಟ್ಟಗಿದ್ದೇನೆ. ಹಾರೂಗೇರಿಯಲ್ಲಿ ನೀವೂ ಹಾಗೇ ಇರುವಿರೆಂದು ತಿಳಿದಿದ್ದೇನೆ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ತಂಬಾಕಿನ ಸುಗ್ಗಿ, ಊರೆಲ್ಲ ಘಾಟು, ಕೆಮ್ಮು ಎಂದು ನೆಪ ಹೇಳಬಹುದಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಬರಹ ತಿದ್ದಿದ ಈ ಕೈ ನಿನಗೊಂದು ಸಾಲು ಬರೆಯಲು ಒಪ್ಪಲಿಲ್ಲ, ಅಷ್ಟೇ.

ಸಂಕ್ರಾಂತಿಗೆ ನೀನೇ ನನ್ನನ್ನು ಕರೆಸಿದೆ. ಹೇಳವ ಮುರಗೆಪ್ಪ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದ. ಕಟ್ಟೆಯ ಮೇಲೆ ಕಂಬಳಿ ಹಾಸಿ, ನಮ್ಮ ಮನೆತನದ ಏಳು ತಲೆಮಾರಿನ ಹೆಸರು ಹೇಳಿಸಿದೆ. ಎಂದೋ ಕಾಲರಾದಲ್ಲಿ ಹೋದ ಕೂಸುಗಳನ್ನೂ ಅವನು ಬಿಡಲಿಲ್ಲ. ನಮ್ಮಪ್ಪನ ಸರದಿ ಬಂದಾಗ ಮಾತ್ರ, "ಧರೆಪ್ಪಗ ಮಗಳು ಗಿರಿಜವ್ವ, ನಿಪ್ಪಾಣಿಗೆ ಕೊಟ್ಟೈತಿ. ಮಗ ವಿರುಪಾಕ್ಷಪ್ಪ" ಎಂದು ಮುಂದಕ್ಕೆ ಓಡಿದ. ನಮ್ಮಿಬ್ಬರಿಗಿಂತ ಮೊದಲು ಹುಟ್ಟಿದ ಅಕ್ಕ ಲಕ್ಕವ್ವ ಎಲ್ಲಿ ಹೋದಳು? ನೀನು ಮೀಸೆ ತೀಡುತ್ತ ಕೂತಿದ್ದೆ.

ಗಂಡ ಸತ್ತವಳು ಕುರಿ ಮೇಯಿಸುವ ಭೀಮಸಿಯ ಜೊತೆ ಹೋದಳೆಂದು ಅಪ್ಪ, ಮಗಳು ಸತ್ತಳೆಂದೇ ತಲೆಯ ಮೇಲೆ ನೀರು ಸುರಿದುಕೊಂಡ. ಅದು ಅವನ ಕಾಲ, ಅವನ ಹಟ. ಆದರೆ ಅಪ್ಪ ತೀರಿದ ಮೇಲೆ, "ಅಕ್ಕ ಮಿರಜ ಕಡೆ ಖರೇನ ಸತ್ಲಂತ" ಎಂದು ನನಗೆ ಸುದ್ದಿ ತಂದವನು ನೀನು.

ಮರುದಿನ ಮುರಗೆಪ್ಪ ಬೇವಿನ ಗಿಡದ ಕೆಳಗೆ ಎತ್ತಿಗೆ ಮೇವು ಹಾಕುತ್ತಿದ್ದ. ಹೋಗಿ ಕೇಳಿದೆ. ಕೈಯಲ್ಲಿದ್ದ ಮೇವು ಕೆಳಗಿಟ್ಟ.

"ಅಕ್ಕಾರ, ಪುಸ್ತಕದಾಗ ಆಕಿ ಹೆಸರೈತ್ರಿ. ಬಾಯಿಲೆ ಹೇಳಬ್ಯಾಡ ಅಂತ ನಿಮ್ಮ ತಮ್ಮಾರು ಬಂದಾಗೊಮ್ಮೆ ಹೋರಿಗರ ಕೊಡ್ತಾರ್ರಿ. ಆಕಿ ಸತ್ತಿದ್ದು ಮೊನ್ನಿ ಶ್ರಾವಣದಾಗ, ಶೇಡಬಾಳದಾಗ."

ನಿನ್ನ ಮನೆಯಿಂದ ಶೇಡಬಾಳ ಎರಡು ಬಸ್ಸಿನ ದಾರಿ. ನಿಪ್ಪಾಣಿಗೆ ಹೋಗುತ್ತೇನೆಂದು ನಿನಗೆ ಹೇಳಿ ಅಲ್ಲಿಗೇ ಹೋದೆ. ಊರ ಹೊರಗೆ ಹೆಂಚಿನ ಮನೆ, ಬಾಗಿಲಲ್ಲಿ ನಾಲ್ಕು ಆಡು. ಅಕ್ಕನ ಮಗಳು ಸಾವಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಗದ್ದ ನಮ್ಮವ್ವನದೇ. ಹೆಸರು ಹೇಳಿದ್ದೇ ತಡ, ಹಿಟ್ಟಿನ ಕೈಯಲ್ಲೇ ನನ್ನ ಕಾಲು ಹಿಡಿದಳು.

"ನಮ್ಮ ಮನೀಗೂ ಮುರಗೆಪ್ಪಜ್ಜನ ಬರ್ತಾನ, ಚಿಗವ್ವಾ. ಅವ್ವ ಮೊರ ತುಂಬ ಜ್ವಾಳ ನೀಡಿ, 'ತವರಾಗ ನನ್ನ ಹೆಸರ ಹೇಳಿದೇನೋ ಯಪ್ಪಾ?' ಅಂತ ಕೇಳಾಕಿ. 'ಎಲ್ಲಾರಕಿಂತ ಮೊದಲ ನಿಂದ ಹೇಳೇನಿ ಬೇ' ಅಂತಿದ್ದ. ಅವತ್ತ ಅವ್ವ ಹೋಳಿಗಿ ಮಾಡಾಕಿ."

ಹೇಳದಿರಲು ನೀನು ಹೋರಿ ಕೊಟ್ಟೆ, ಹೇಳಿದ್ದೇನೆ ಎಂದದ್ದಕ್ಕೆ ಅವಳು ಜೋಳ ಕೊಟ್ಟಳು. ಮುರಗೆಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವನ ಸುಳ್ಳಿನಿಂದ ಅವಳ ಮನೆಯಲ್ಲಿ ಹೋಳಿಗೆಯಾದರೂ ಆಯಿತು. ಒಡಹುಟ್ಟಿದವನೇ, ನಿನ್ನಿಂದ ಏನಾಯಿತು?

ಮುಂದಿನ ಸಲ ಅವನು ಬಂದಾಗ ಸಾವಕ್ಕನನ್ನು ಕರೆಸಿ, ಕಟ್ಟೆಯ ಮೇಲೆ ಕೂರಿಸಿ, ಅವಳ ತಾಯಿಯ ಹೆಸರು ಹೇಳಿಸು. ಆಗದಿದ್ದರೆ ನನ್ನ ಹೆಸರನ್ನೂ ಬಿಡಿಸು. ಇನ್ನೊಂದು ಹೋರಿ ಹೋಗುತ್ತದೆ, ನಿನ್ನ ಕೊಟ್ಟಿಗೆಗೆ ಅದೇನು ದೊಡ್ಡದಲ್ಲ.

ನಿನ್ನ ಹೆಂಡತಿಗೆ, ಸೊಸೆಗೆ ನನ್ನ ಆಶೀರ್ವಾದ ತಿಳಿಸು. ಹೊಸ ಮೊಮ್ಮಗ ನೂರು ವರ್ಷ ಬಾಳಲಿ, ಅವನ ಹೆಸರನ್ನು ಯಾರೂ ಬಿಡದಿರಲಿ.

ಇಂತಿ ನಿನ್ನ ಅಕ್ಕ
ಗಿರಿಜವ್ವ

ತಾ.ಕ.: ಇದನ್ನು ಬರೆಯಬಾರದೆಂದು ಎರಡು ಸಲ ಪೆನ್ನು ಮುಚ್ಚಿಟ್ಟೆ. ಸತ್ತವರ ಹೆಸರನ್ನು ಹೇಳವ ಬಿಡುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ಹಿಂದೆ ನಾಲ್ಕು ಸಲ ಅದೇ ಕಟ್ಟೆಯ ಮೇಲೆ ಕೂತು ಕೇಳಿದ್ದೇನೆ. ನಾಲ್ಕು ಸಲವೂ ಅಕ್ಕನ ಹೆಸರು ಬರಲಿಲ್ಲ, ಸತ್ತಿದ್ದರೆ ಬರುತ್ತಿತ್ತು, ಹಾಗಾಗಿ ನಾಲ್ಕು ಸಲವೂ ಅವಳು ಬದುಕಿದ್ದಾಳೆ ಅನ್ನಿಸಿತು. ಬಾಯಿಬಿಟ್ಟರೆ ತವರಿನ ಬಾಗಿಲು ನನಗೂ ಮುಚ್ಚೀತೆಂದು ಹೆದರಿ, ನೀನು ಉಡಿಸಿದ ಸೀರೆಯಲ್ಲೇ ಬಸ್ಸು ಹತ್ತಿದೆ. ಈ ಸಲ ಕೇಳಿದ್ದು ಧೈರ್ಯದಿಂದಲ್ಲ. ನನ್ನವರೂ ಹೋದರು, ತವರಿನ ಸೀರೆ ತೋರಿಸಲು ಈಗ ಅತ್ತೆಯ ಮನೆಯೂ ಇಲ್ಲ.

ಅಕ್ಕ ಮುರಗೆಪ್ಪನನ್ನು ಇನ್ನೊಂದು ಮಾತೂ ಕೇಳುತ್ತಿದ್ದಳಂತೆ: "ನನ್ನ ಹೆಸರ ಬಂದಾಗ ಗಿರಿಜಾ ಏನ ಮಾಡತಾಳೋ?"

"ಅಳತಾಳ ಬೇ" ಅನ್ನುತ್ತಿದ್ದನಂತೆ.