ಗೊತ್ತುಂಟು ಎಂದ ದಿನ

ನವೆಂಬರ್ 4, ಮಂಗಳವಾರ

ಇವತ್ತೂ ನಾನು ಕೆಲಸ ಮಾಡುವ ಕದ್ರಿಯ ಸೇವಾ ಸೆಂಟರಿನಲ್ಲಿ ಲೈಫ್ ಸರ್ಟಿಫಿಕೇಟಿನ ಸಾಲು. ಬದುಕಿದ್ದೇವೆ ಎಂದು ಹೆಬ್ಬೆರಳು ಒತ್ತಿ ಹೋಗುವ ಪೆನ್ಶನಿನವರು. ಗೆರೆ ಸವೆದ ಬೆರಳನ್ನು ಮೆಷಿನ್ ಒಪ್ಪುವುದಿಲ್ಲ. ಒರೆಸಿ ಒರೆಸಿ ಒತ್ತಿಸುತ್ತೇನೆ. ಹೆಚ್ಚು ಮಾತಾಡಬೇಕಿಲ್ಲ, ಅದೊಂದು ಸುಖ.

ಮನೆಗೆ ಬಂದಾಗ ಚಾವಡಿಯಲ್ಲಿ ಅಮ್ಮ, ಪಕ್ಕದ ಮನೆಯ ಕಿನ್ನಿಯಕ್ಕ. ಮಡಿಲಲ್ಲಿ ಎಲೆ, ಹೊಗೆಸೊಪ್ಪು ಹರಡಿದ ತಡ್ಪೆ ಮೊರ, ಬೀಡಿ ಕಟ್ಟುತ್ತಾ.

ಅಮ್ಮ, "ಬರುವ ತಿಂಗಳು ನನಗೆ ಐವತ್ತೆಂಟು. ನಿನ್ನ ಹಾಗೆ ನನಗೂ ಪೆನ್ಶನ್. ಮತ್ತೆ ಈ ತಡ್ಪೆ ನೀನೇ ಇಟ್ಕೋ ಮಾರಾಯ್ತಿ."

"ನಿನ್ನ ತೂತು ತಡ್ಪೆ ಯಾರಿಗೆ ಬೇಕು!"

ನವೆಂಬರ್ 7

ಅಮ್ಮನ ಪಿಎಫ್ ಕಾಗದಗಳನ್ನು ಸೆಂಟರಿನ ಶಶಿಪ್ರಭಾ ಮೇಡಂಗೆ ತೋರಿಸಿದೆ.

"ಪೆನ್ಶನಿಗೆ ಐವತ್ತೆಂಟರೊಳಗೆ ಹತ್ತು ವರ್ಷ ಸರ್ವಿಸ್ ಬೇಕು. ಇಲ್ಲಿ ಆರೇ ಉಂಟಲ್ಲ?"

"ಮೊದಲಿನ ಕಂಪೆನಿಯಲ್ಲಿ ಎಂಟು..."

"ಅದು ಮುಚ್ಚಿದಾಗ ಪೆನ್ಶನ್ ಹಣ ತೆಗ್ದಿದ್ದಾರೆ. ತೆಗೆದ್ರೆ ಆ ಎಂಟು ಹೋಯ್ತು. ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ತಗೊಂಡಿದ್ರೆ ಈ ಆರಕ್ಕೆ ಸೇರಿಸ್ಬಹುದಿತ್ತು. ಯಾರು ಮಾರಾಯ್ತಿ ಆ ಫಾರ್ಮ್ ತುಂಬಿದ್ದು?"

ಗೊತ್ತಿಲ್ಲ ಎಂದೆ.

ನವೆಂಬರ್ 8, ಬೆಳಿಗ್ಗೆ

ಗೊತ್ತುಂಟು. ನಾನೇ.

2019. ಬಿ.ಎ. ಎರಡನೇ ವರ್ಷ. ಮುಚ್ಚಲಿದ್ದ ಬೀಡಿ ಬ್ರಾಂಚಿನ ಜಗಲಿಯಲ್ಲಿ ಹೆಂಗಸರ ಸಾಲು. ಅಮ್ಮ ಎಲ್ಲರಿಗೂ ಕೇಳುವಂತೆ — "ನನ್ನ ಮಗಳು ಇಂಗ್ಲಿಷ್ ಸಾಹಿತ್ಯ ಓದುವುದು." ಫಾರ್ಮಿನಲ್ಲಿ ಎರಡು ಚೌಕ. ವಿತ್‌ಡ್ರಾವಲ್. ಸ್ಕೀಮ್ ಸರ್ಟಿಫಿಕೇಟ್. ಎರಡನೆಯದು ಏನೆಂದು ತಿಳಿಯಲಿಲ್ಲ. ಕ್ಲರ್ಕ್ ಬಾಸಿಲ್ ತಲೆಯೆತ್ತಿ, "ಡೌಟ್ ಉಂಟಾ?" ಎಂದ. ಕೇಳಬಹುದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇಲ್ಲ, ಗೊತ್ತುಂಟು." ಮೊದಲ ಚೌಕಕ್ಕೆ ಟಿಕ್ ಹಾಕಿದೆ.

ಹಿಂದೆಯೇ ಕಿನ್ನಿಯಕ್ಕ: "ಅದು ಎಂತ ಬಾಸಿಲ್? ಸಮ ಬಿಡಿಸಿ ಹೇಳು." ಅವನು ಬಿಡಿಸಿ ಹೇಳುವ ಮೊದಲೇ ನಾನು ಜಗಲಿ ಇಳಿದಿದ್ದೆ. ಅವರಿಗೆ ಓದಲು ಬಾರದು. ಎರಡು ವರ್ಷದಿಂದ ಅವರಿಗೆ ಪೆನ್ಶನ್ ಬರುತ್ತಿದೆ.

ನವೆಂಬರ್ 26

ಹದಿನೆಂಟು ದಿನ ಬರೆಯಲಿಲ್ಲ. ಅಮ್ಮನಿಗೆ ಹೇಳಲೂ ಇಲ್ಲ.

ಸಂಜೆ ಬಂದರೆ ಚಾವಡಿಯ ಮೂಲೆ ಖಾಲಿ. ತಡ್ಪೆ, ಕತ್ತರಿ ಎರಡನ್ನೂ ಕಿನ್ನಿಯಕ್ಕನಿಗೆ ಕೊಟ್ಟಾಗಿದೆ. ಇನ್ನು ಬರುವುದಿಲ್ಲವೆಂದು ಬ್ರಾಂಚಿಗೂ ತಿಳಿಸಿ ಬಂದಳಂತೆ. ಕುತ್ತಿಗೆಗೆ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂತಿದ್ದಳು. ಕೈಯಲ್ಲಿ ಕೆಲಸವಿಲ್ಲದ ಅಮ್ಮನನ್ನು ನಾನು ನೋಡಿದ್ದೇ ಇಲ್ಲ.

"ಫಾರ್ಮ್ ಆಯ್ತಾ ಮಗಾ?"

"ಆಗ್ತಾ ಉಂಟು."

ನವೆಂಬರ್ 30, ಭಾನುವಾರ

ಹೇಳಿದೆ. ಊಟಕ್ಕೆ ಕೂತು, ತಟ್ಟೆಯನ್ನೇ ನೋಡಿಕೊಂಡು. ಅಮ್ಮ ಎತ್ತಿದ ಸೌಟನ್ನು ಸಾರಿನ ಪಾತ್ರೆಗೇ ಮರಳಿ ಇಟ್ಟಳು.

"ಬಾಸಿಲನ ಹತ್ರ ಕೇಳ್ಬಹುದಿತ್ತಲ್ಲ?"

"ನಾಚಿಕೆ ಆಯ್ತು."

ಸಾರು ಬಡಿಸಿದಳು. "ನಾನು ಅಷ್ಟು ದೊಡ್ಡದಾಗಿ ಹೇಳ್ಬಾರದಿತ್ತು, ಎಲ್ಲರ ಎದುರು."

ಬೈದಿದ್ದರೆ...

ಪಾತ್ರೆ ತೊಳೆದಿಟ್ಟು ಪಕ್ಕದ ಮನೆಗೆ ಹೋದಳು. ಕಿಟಕಿಯಲ್ಲಿ ಎಲ್ಲ ಕೇಳಿಸುತ್ತದೆ. ಕಿನ್ನಿಯಕ್ಕ ನಗುತ್ತಾ, "ಎಂತ, ನಾಲ್ಕೇ ದಿನಕ್ಕೆ ಬೊಡೀತಾ, ಮನೇಲಿ ಕೂತು ಬೇಜಾರಾಯ್ತಾ?" ಅಮ್ಮ, "ಹೌದು ಮಾರಾಯ್ತಿ. ಕೈ ಸುಮ್ಮನೆ ಕೂರುವುದಿಲ್ಲ."

ನನ್ನ ಮಾತೆತ್ತಲಿಲ್ಲ.

ಈಗ ಚಾವಡಿಯಲ್ಲಿ ವಾಪಸ್ ತಂದ ಕತ್ತರಿಯ ಸದ್ದು. ಎಲೆ ಕತ್ತರಿಸಲು ನನಗೆ ಬಾರದು. ಓದುವ ಕೈಗೆ ಹೊಗೆಸೊಪ್ಪು ಬೇಡವೆಂದು ಅವಳು ಕಲಿಸಲಿಲ್ಲ. ಇವತ್ತಾದರೂ ಹೋಗಿ, ಪಕ್ಕದಲ್ಲಿ ಕೂತು, ಇದು ಹೇಗೆ ಎಂದು ಕೇಳಬೇಕು.